ಉಪ್ಪಿನ ದಾರಿ, ಅಯೋಡಿನ್ನಿನ ದಾರಿ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಒಂದು ಚರಿತ್ರೆ

ಮಂಡ್ಯ ಸೀಮೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ನೀರಿನಿಂದ ಆರಂಭಿಸುತ್ತಾರೆ. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಮೊದಲಾದದ್ದು, ಅಲ್ಲಿಂದ ಹೊರಟ ಇರ್ವಿನ್ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರು ಪಡೆದು ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲನ್ನು ಗದ್ದೆಯಾಗಿಸಿದ್ದು, ಕಬ್ಬಿನ ಹಿಂದೆಯೇ ಸಕ್ಕರೆ ಕಾರ್ಖಾನೆ ಬಂದದ್ದು, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ತಾನೇ ಒಂದು ಜಿಲ್ಲೆಯಾದದ್ದು ಎಲ್ಲರೂ ಬಲ್ಲ ಸಂಗತಿಗಳು. ಅಕ್ಕಿ, ರಾಗಿ, ಬೆಲ್ಲ, ಹಾಲು ಇವೆಲ್ಲವನ್ನೂ ತಾನೇ ಬೆಳೆದು, ತಾನೇ ಉಂಡು, ಮಿಕ್ಕಿದ್ದನ್ನು ಹೊರಗೆ ಕಳಿಸುವ ಈ ಸೀಮೆ ಒಂದು ವಸ್ತುವಿಗೆ ಮಾತ್ರ ಬಹುಕಾಲದಿಂದ ಹೊರಗಿನವರ ಕಡೆ ನೋಡಬೇಕಾಗಿ ಬಂದಿದೆ; ಆ ವಸ್ತು ಉಪ್ಪು. ಉಪ್ಪಿನ ಚರಿತ್ರೆಯನ್ನು ಸುಂಕದ ಲೆಕ್ಕವಾಗಿಯೋ ಸತ್ಯಾಗ್ರಹದ ಕಥೆಯಾಗಿಯೋ ಓದುವುದುಂಟು, ಆದರೆ ಒಳನಾಡಿನ ಜನರ ದೇಹದ ದೃಷ್ಟಿಯಿಂದ ಅದನ್ನು ಓದಿದ್ದು ಕಡಿಮೆ. ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಿನ ಉಬ್ಬಿನ ಕೆಳಗೆ ಶ್ವಾಸನಾಳವನ್ನು ತಬ್ಬಿಕೊಂಡಿರುವ ಥೈರಾಯ್ಡ್ ಎಂಬ ಗ್ರಂಥಿಯ ಕೆಲಸವನ್ನು ತಿಳಿದ ಮೇಲೆ, ಹೇರೆತ್ತಿನ ಕಾಲದಿಂದ ಪ್ಲಾಸ್ಟಿಕ್ ಪೊಟ್ಟಣದ ಕಾಲದವರೆಗೆ ಉಪ್ಪು ಈ ಸೀಮೆಗೆ ಬಂದ ಬಗೆಗೆ ಬೇರೆಯೇ ಒಂದು ಅರ್ಥ ಬರುತ್ತದೆ.

ವಯಸ್ಕರಲ್ಲಿ ಈ ಗ್ರಂಥಿ 15ರಿಂದ 25 ಗ್ರಾಂ ತೂಗುತ್ತದೆ. ಇದು ತಯಾರಿಸುವ ಹಾರ್ಮೋನು, ಅಂದರೆ ರಕ್ತದಲ್ಲಿ ಸೇರಿ ದೂರದ ಅಂಗಗಳಿಗೆ ಆದೇಶ ಒಯ್ಯುವ ದ್ರವ್ಯ, ಮುಖ್ಯವಾಗಿ ಎರಡು ರೂಪದಲ್ಲಿರುತ್ತದೆ: ನಾಲ್ಕು ಅಯೋಡಿನ್ ಪರಮಾಣುಗಳಿರುವ ಥೈರಾಕ್ಸಿನ್ ಅಥವಾ ಟಿ4, ಮತ್ತು ಮೂರು ಪರಮಾಣುಗಳಿರುವ ಟಿ3. ದೇಹದ ಇತರ ಹಾರ್ಮೋನುಗಳನ್ನು ತಯಾರಿಸಲು ಬೇಕಾದ ಸಾಮಗ್ರಿ ಯಾವ ಊಟದಲ್ಲಾದರೂ ದೊರಕುತ್ತದೆ, ಆದರೆ ಥೈರಾಯ್ಡ್ ಹಾರ್ಮೋನಿಗೆ ಬೇಕಾದ ಅಯೋಡಿನ್ ನೆಲದಲ್ಲಿಯೂ ನೀರಿನಲ್ಲಿಯೂ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಇರುವಂಥದಲ್ಲ. ಹಾಗಾಗಿ ಊರು ಬದಲಾದರೆ, ಉಣ್ಣುವ ಪದಾರ್ಥದ ಮೂಲ ಬದಲಾದರೆ, ಈ ಗ್ರಂಥಿಯ ಭಾಗ್ಯವೂ ಬದಲಾಗುತ್ತದೆ. ರಕ್ತದಲ್ಲಿ ತೀರ ತೆಳುವಾಗಿ ಹರಿಯುವ ಅಯೋಡೈಡನ್ನು ಗ್ರಂಥಿಯ ಜೀವಕೋಶಗಳು ತಮ್ಮ ಹೊದಿಕೆಯಲ್ಲಿರುವ ಒಂದು ವಿಶೇಷ ಪ್ರೋಟೀನಿನ ಮೂಲಕ ಒಳಗೆಳೆದುಕೊಂಡು, ರಕ್ತದಲ್ಲಿರುವುದಕ್ಕಿಂತ 20ರಿಂದ 40 ಪಟ್ಟು ಸಾಂದ್ರವಾಗಿ ಕೂಡಿಹಾಕುತ್ತವೆ. ಈ ಎಳೆತಕ್ಕೆ ಬೇಕಾದ ಬಲ ಸೋಡಿಯಂನಿಂದ ಬರುತ್ತದೆ: ಎರಡು ಸೋಡಿಯಂ ಅಯಾನುಗಳು ಕೋಶದೊಳಕ್ಕೆ ನುಗ್ಗುವಾಗ ಒಂದು ಅಯೋಡೈಡ್ ಅವುಗಳ ಜೊತೆಯಲ್ಲಿ ಒಳಗೆ ಬರುತ್ತದೆ.

ಒಳಗೆ ಬಂದ ಅಯೋಡೈಡು ಥೈರಾಯ್ಡ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಕೈಯಲ್ಲಿ ಚುರುಕುಗೊಂಡು, ಥೈರೋಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನಿನ ಟೈರೋಸಿನ್ ಕೊಂಡಿಗಳಿಗೆ ಅಂಟಿಕೊಳ್ಳುತ್ತದೆ. ಅಯೋಡಿನ್ ಹೊತ್ತ ಎರಡು ಕೊಂಡಿಗಳು ಜೋಡಿಯಾದಾಗ ಟಿ4 ಅಥವಾ ಟಿ3 ಸಿದ್ಧವಾಗುತ್ತದೆ. ಹೀಗೆ ಸಿದ್ಧವಾದದ್ದು ಆ ಕೂಡಲೇ ರಕ್ತಕ್ಕೆ ಹೋಗುವುದಿಲ್ಲ, ಗ್ರಂಥಿಯ ಸಣ್ಣ ಸಣ್ಣ ಕೋಶಕಗಳ ನಡುವೆ ಅಂಟಿನಂತಹ ದ್ರವದಲ್ಲಿ ಎರಡು ಮೂರು ತಿಂಗಳಿಗೆ ಸಾಲುವಷ್ಟು ದಾಸ್ತಾನಾಗಿ ಉಳಿಯುತ್ತದೆ. ಮುಂದಿನ ಕೊಯ್ಲಿನವರೆಗೆ ಕಾಳು ತುಂಬಿಟ್ಟ ಹಗೇವಿನಂತಹ ಈ ದಾಸ್ತಾನು ದೇಹಕ್ಕೆ ಬಹಳ ಉಪಕಾರಿ, ಆದರೆ ಕೊರತೆಯನ್ನು ಬೇಗ ಹೊರಗೆ ತೋರಗೊಡದಿರುವುದೂ ಇದೇ. ಕೆಲವು ವಾರ ಊಟದಲ್ಲಿ ಅಯೋಡಿನ್ ಕಡಿಮೆಯಾದರೆ ಯಾರಿಗೂ ಏನೂ ತಿಳಿಯುವುದಿಲ್ಲ. ವರ್ಷಗಟ್ಟಲೆ ಕಡಿಮೆಯಾದಾಗ ಮಾತ್ರ ಕುತ್ತಿಗೆ ಅದನ್ನು ಹೇಳತೊಡಗುತ್ತದೆ.

ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಹಾರ್ಮೋನನ್ನು ಕಳಿಸಿ ಥೈರಾಯ್ಡಿಗೆ ಕೆಲಸ ಹೇಳುತ್ತದೆ, ಅದರ ಮೇಲೆ ಹೈಪೋಥಲಾಮಸ್ ಎಂಬ ಮಿದುಳಿನ ಭಾಗ ಟಿಆರ್‌ಎಚ್ ಎಂಬ ಇನ್ನೊಂದು ದ್ರವ್ಯದ ಮೂಲಕ ಹಿಡಿತವಿಟ್ಟಿರುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಕಷ್ಟಿದ್ದರೆ ಈ ಎರಡೂ ತಗ್ಗುತ್ತವೆ, ಸಾಲದಿದ್ದರೆ ಏರುತ್ತವೆ. ಅಯೋಡಿನ್ ಇಲ್ಲದೆ ಹಾರ್ಮೋನು ಹುಟ್ಟದಿದ್ದಾಗ ಟಿಎಸ್‌ಎಚ್ ಏರುತ್ತಲೇ ಹೋಗಿ, ಕಚ್ಚಾ ಸಾಮಗ್ರಿಯಿಲ್ಲದ ಗ್ರಂಥಿಯನ್ನು ಮತ್ತೆ ಮತ್ತೆ ದುಡಿಯಲು ಒತ್ತಾಯಿಸುತ್ತದೆ. ಆ ಒತ್ತಾಯಕ್ಕೆ ಗ್ರಂಥಿ ಊದಿಕೊಳ್ಳುತ್ತದೆ. ಆಯುರ್ವೇದ ಗ್ರಂಥಗಳು ಗಳಗಂಡವೆಂದು ಕರೆದ, ಇಂದಿಗೂ ಆರೋಗ್ಯ ಇಲಾಖೆಯ ಗೋಡೆಬರಹಗಳಲ್ಲಿ ಅದೇ ಹೆಸರಿನಿಂದ ಕಾಣುವ ಕುತ್ತಿಗೆಯ ಬಾವು ಇದೇ. ಗಳಗಂಡ ಕಣ್ಣಿಗೆ ಬೀಳುವುದರಿಂದ ಅದಕ್ಕೆ ಹೆಸರು ಬಂತು, ಚಿಕಿತ್ಸೆ ಬಂತು, ಹರಕೆಯೂ ಬಂತು. ಕಣ್ಣಿಗೆ ಬೀಳದ ಹಾನಿ ಅದಕ್ಕಿಂತ ದೊಡ್ಡದೆಂಬುದು ಗೊತ್ತಾದದ್ದು ಬಹಳ ತಡವಾಗಿ.

ಆ ಹಾನಿ ಏನೆಂದು ಅರಿಯಲು ಹಾರ್ಮೋನು ಅಂಗಾಂಶಗಳಲ್ಲಿ ಮಾಡುವ ಕೆಲಸವನ್ನು ನೋಡಬೇಕು. ರಕ್ತಕ್ಕೆ ಬಿಟ್ಟ ಟಿ4 ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡೇ ಸುತ್ತುತ್ತದೆ, ಅದರ ಅರ್ಧಾಯುಷ್ಯ ಸುಮಾರು ಏಳು ದಿನ. ಯಕೃತ್ತು, ಮೂತ್ರಪಿಂಡ, ಮಿದುಳು, ಸ್ನಾಯು ಮುಂತಾದ ಕಡೆ, ಸೆಲೆನಿಯಂ ಎಂಬ ಮೂಲವಸ್ತುವನ್ನು ಒಡಲಲ್ಲಿಟ್ಟುಕೊಂಡ ಕಿಣ್ವಗಳು ಟಿ4ರಿಂದ ಒಂದು ಅಯೋಡಿನ್ ಪರಮಾಣುವನ್ನು ಕಳಚಿ ಟಿ3 ಮಾಡುತ್ತವೆ. ದೇಹ ಬಳಸುವ ಟಿ3ರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಹೀಗೆ ಗ್ರಂಥಿಯ ಹೊರಗೆ ಹುಟ್ಟಿದ್ದು. ಈ ಟಿ3 ಜೀವಕೋಶದ ಕೇಂದ್ರವನ್ನು ಹೊಕ್ಕು, ವಂಶವಾಹಿಗಳ ಮೇಲೆ ಮೊದಲೇ ಕುಳಿತಿರುವ ಗ್ರಾಹಕ ಪ್ರೋಟೀನುಗಳನ್ನು ಸೇರಿ, ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತದೆ. ಅದರ ಪರಿಣಾಮವಾಗಿ ಕೋಶದ ಹೊದಿಕೆಯ ಸೋಡಿಯಂ ಪಂಪುಗಳು ಹೆಚ್ಚಿ ಮೈ ಬಿಸಿಯಾಗಿರುತ್ತದೆ, ಹೃದಯದ ಬಡಿತಕ್ಕೆ ವೇಗ ಬರುತ್ತದೆ, ಕೊಬ್ಬು ಕರಗುತ್ತದೆ, ಮೂಳೆ ಬೆಳೆಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಗರ್ಭದಲ್ಲಿರುವ ಶಿಶುವಿನ ಮಿದುಳಿನಲ್ಲಿ ನರಕೋಶಗಳು ಹುಟ್ಟಿದ ಜಾಗದಿಂದ ತಮ್ಮ ತಮ್ಮ ಸ್ಥಾನಕ್ಕೆ ಸರಿದು, ಪರಸ್ಪರ ಸಂಪರ್ಕ ಬೆಳೆಸಿ, ತಂತುಗಳ ಮೇಲೆ ಕೊಬ್ಬಿನ ಕವಚ ಹೊದೆಯಲು ಈ ಹಾರ್ಮೋನು ಬೇಕು. ಆ ಹಂತದಲ್ಲಿ ತೀವ್ರ ಕೊರತೆಯಾದರೆ ಮಗು ಕಿವುಡು, ಮೂಕತನ, ಬುದ್ಧಿಮಾಂದ್ಯ, ಕುಳ್ಳು ದೇಹಗಳೊಡನೆ ಹುಟ್ಟುತ್ತದೆ, ಅನಂತರ ಎಷ್ಟು ಅಯೋಡಿನ್ ಕೊಟ್ಟರೂ ಆದದ್ದು ಹಿಂದಿರುಗುವುದಿಲ್ಲ. ಕೊರತೆ ಸೌಮ್ಯವಾದರೂ ಒಂದು ಸೀಮೆಯ ಮಕ್ಕಳ ಕಲಿಕೆ ಸ್ವಲ್ಪ ಸ್ವಲ್ಪ ಕುಗ್ಗಬಹುದು.

ಇಷ್ಟು ದೊಡ್ಡ ಕೆಲಸಕ್ಕೆ ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಎಪ್ಪತ್ತು ವರ್ಷ ಬದುಕಿದವರ ಇಡೀ ಆಯುಷ್ಯಕ್ಕೆ ಒಟ್ಟು ನಾಲ್ಕು ಗ್ರಾಮಿನಷ್ಟಿದ್ದರೆ ಸಾಕು. ಆದರೆ ಅದನ್ನು ಒಮ್ಮೆಲೇ ತಿಂದು ಕೂಡಿಡಲು ದೇಹಕ್ಕೆ ಬರುವುದಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೊರಬೀಳುತ್ತದೆ. ಅಲ್ಪ ಪ್ರಮಾಣದಲ್ಲಿ, ಎಲ್ಲರಿಗೂ, ಎಲ್ಲ ದಿನವೂ ಬೇಕು ಎಂಬ ಈ ಗುಣವೇ ಅಯೋಡಿನ್ನನ್ನು ಔಷಧದಂಗಡಿಯಿಂದ ಅಡುಗೆಮನೆಗೆ ತಂದಿತು, ಬಡವರೂ ಬಲ್ಲಿದರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುವ ಉಪ್ಪಿಗೆ ಅದನ್ನು ಗಂಟುಹಾಕಿತು.

ಪ್ರಕೃತಿಯಲ್ಲಿ ಅಯೋಡಿನ್ನಿನ ದೊಡ್ಡ ಭಂಡಾರ ಸಮುದ್ರ. ಅಲ್ಲಿಂದ ಗಾಳಿಗೇರಿ ಮಳೆಯೊಡನೆ ನೆಲಕ್ಕಿಳಿಯುವ ಅಂಶ ಮಣ್ಣಿನಲ್ಲಿ ನಿಂತು ಬೆಳೆಗೆ, ಬೆಳೆಯಿಂದ ದನಕ್ಕೂ ಮನುಷ್ಯರಿಗೂ ಸಲ್ಲುತ್ತದೆ. ಹಿಮ, ಪ್ರವಾಹ, ಜೋರು ಮಳೆಗಳು ಮಣ್ಣನ್ನು ತೊಳೆದ ಕಡೆ ಅದು ಉಳಿಯುವುದಿಲ್ಲ. ಹಿಮಾಲಯದ ತಪ್ಪಲು ಗಳಗಂಡದ ಸೀಮೆಯೆಂದು ಕುಖ್ಯಾತವಾದದ್ದು ಹೀಗೆ, ಕರ್ನಾಟಕದಲ್ಲಿ ಚಿಕ್ಕಮಗಳೂರಿನಂತಹ ಮಲೆನಾಡಿನ ಜಿಲ್ಲೆ ಆ ಪಟ್ಟಿಗೆ ಸೇರಿದ್ದೂ ಹೀಗೆಯೇ. ಹಳೆಯ ಕಲ್ಲುನೆಲದ ಮೇಲೆ ಹಾಸಿರುವ ಕೆಂಪು ಮಣ್ಣಿನ ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಅಂತಹ ಅಪಖ್ಯಾತಿ ಇರಲಿಲ್ಲ. ಆದರೂ ಸಮುದ್ರದ ಮೀನು ದೊರಕದ, ಕಡಲಿನಿಂದ ಎರಡೂ ದಿಕ್ಕಿಗೆ ದೂರವಾದ ಈ ಒಳನಾಡು ತನ್ನ ಅಯೋಡಿನ್ನಿಗೆ ತನ್ನ ನೆಲ, ಬಾವಿ, ಕೆರೆಗಳನ್ನೇ ನೆಚ್ಚಿಕೊಂಡಿತ್ತೆಂಬುದರಲ್ಲಿ ಸಂದೇಹವಿಲ್ಲ.

ಉಪ್ಪಿನ ವಿಷಯದಲ್ಲಿ ಮೈಸೂರು ಸೀಮೆಗೆ ಎರಡು ಮೂಲಗಳಿದ್ದವು. ಒಂದು, ನೆಲದಿಂದಲೇ ತೆಗೆದ ಮಣ್ಣುಪ್ಪು. ಬೇಸಿಗೆಯಲ್ಲಿ ಕೆರೆಯ ಹಿಂದೆ, ಹಳ್ಳದ ಪಕ್ಕದಲ್ಲಿ, ತಗ್ಗಿನ ಬಯಲಲ್ಲಿ ಬೆಳ್ಳಗೆ ಹೂಬಿಡುವ ಸವುಳು ಮಣ್ಣಿನಿಂದ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. 1891ರ ಮೈಸೂರು ಜನಗಣತಿಯ ವರದಿ ಈ ಸಮುದಾಯದಲ್ಲಿ ಕನ್ನಡ ಮತ್ತು ತೆಲುಗು ಎಂಬ ಎರಡು ವಿಭಾಗಗಳನ್ನು ಹೇಳಿ, ಮೊದಲನೆಯವರು ಮಣ್ಣುಪ್ಪು ಮಾಡುವವರೆಂದೂ ಎರಡನೆಯವರು ಗಾರೆ ಮತ್ತು ಕಟ್ಟಡದ ಕೆಲಸದವರೆಂದೂ ಗುರುತಿಸುತ್ತದೆ. ಬ್ರಿಟಿಷ್ ಕಂಪನಿಯ ಅಪ್ಪಣೆಯಂತೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಮದ್ದೂರು, ಮಂಡ್ಯಗಳ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ತನ್ನ ಪ್ರವಾಸ ವರದಿಯಲ್ಲಿ ಸೀಮೆಯ ಬೆಳೆ, ಕಸುಬು, ಸಂತೆಗಳ ಜೊತೆಗೆ ಈ ಮಣ್ಣುಪ್ಪಿನ ಸಂಗತಿಯನ್ನೂ ದಾಖಲಿಸಿದ್ದಾನೆ.

ಆ ಕೆಲಸದ ಕ್ರಮ ಗಮನಿಸತಕ್ಕದ್ದು. ಕೆರೆದು ತಂದ ಸವುಳು ಮಣ್ಣನ್ನು ಎರಡು ಮೂರು ಅಡಿ ಎತ್ತರದ ದಿಬ್ಬವಾಗಿ ಒಟ್ಟಿ, ಅದರ ನೆತ್ತಿಯಲ್ಲಿ ಬಾನಿಯಂತಹ ಗುಂಡಿಗಳನ್ನು ತೋಡಿ, ಗುಂಡಿಗೆ ಮಣ್ಣನ್ನೂ ನೀರನ್ನೂ ತುಂಬುತ್ತಿದ್ದರು. ನೀರು ಮಣ್ಣಿನೊಳಗಿನ ಉಪ್ಪನ್ನು ಕರಗಿಸಿಕೊಂಡು ಕೆಳಗಿಳಿದು, ಬುಡದಲ್ಲಿ ಸಿಕ್ಕಿಸಿದ ಬಿದಿರಿನ ಕೊಳವೆಯಿಂದ ತೊಟ್ಟುತೊಟ್ಟಾಗಿ ಮಡಕೆಗೆ ಬೀಳುತ್ತಿತ್ತು. ಆ ಉಪ್ಪುನೀರನ್ನು ಗಾರೆ ಬಳಿದ ತಟ್ಟೆಯಂತಹ ಪಾತಿಗಳಿಗೆ ಹೊಯ್ದು ಬಿಸಿಲಿಗೆ ಬಿಟ್ಟರೆ, ಕೆಲವು ದಿನಗಳಲ್ಲಿ ಹರಳು ಕಟ್ಟುತ್ತಿತ್ತು. ರಸ ಹಿಂಡಿಕೊಂಡ ಮಣ್ಣನ್ನು ಪಕ್ಕಕ್ಕೆ ಸುರಿಯುತ್ತ ಹೋದಂತೆ ದಿಬ್ಬಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದವು. ಹೀಗೆ ಬಂದ ಉಪ್ಪಿನಲ್ಲಿ ಅಡುಗೆಯುಪ್ಪಿನೊಡನೆ ನೆಲದ ಬೇರೆ ಲವಣಗಳೂ ಬೆರೆತಿದ್ದು ರುಚಿ ಸ್ವಲ್ಪ ಕಹಿ, ಬಣ್ಣ ಮಂಕು. ಬೆಲೆ ಕಡಿಮೆಯಾದ್ದರಿಂದ ಬಡವರ ಮನೆಗೂ ದನಗಳ ಕಲಗಚ್ಚಿಗೂ ಅದು ಸಲ್ಲುತ್ತಿತ್ತು. ಕೀಳು ಉಪ್ಪೆಂದು ಅದನ್ನು ಬದಿಗೆ ಸರಿಸುವುದು ಸುಲಭ, ಆದರೆ ಒಂದು ಹಿಡಿ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಅದರ ಸಾರ ಹೇಳಬಲ್ಲ ಆ ಕಸುಬುದಾರರ ತಿಳಿವಳಿಕೆ ಈ ಸೀಮೆಯ ವಿಜ್ಞಾನದ ಚರಿತ್ರೆಯಲ್ಲಿ ಸ್ಥಾನ ಪಡೆಯಬೇಕಾದದ್ದು.

ಎರಡನೆಯ ಮೂಲ ಸಮುದ್ರ. ಪೂರ್ವ ಕರಾವಳಿಯ ಅಳದ, ಅಂದರೆ ಉಪ್ಪಿನ ಗದ್ದೆಯ, ಉಪ್ಪು ಘಟ್ಟ ಹತ್ತಿ, ಕಾವೇರಿಪುರದ ಕಣಿವೆಯ ಮೇಲೆ ಕೊಳ್ಳೇಗಾಲಕ್ಕೂ ಅಲ್ಲಿಂದ ಮಳವಳ್ಳಿಯ ಕಡೆಗೂ ಬರುವ ದಾರಿಯಿತ್ತು. ಪಡುವಣ ಕಡಲಿನ ಉಪ್ಪು ಇನ್ನೊಂದು ದಿಕ್ಕಿನಿಂದ ಏರಿ ಬರುತ್ತಿತ್ತು. ಎರಡು ಗೋಣಿಗಳನ್ನು ಬೆನ್ನಿನ ಎರಡು ಪಕ್ಕಕ್ಕೆ ಇಳಿಬಿಟ್ಟ ಹೇರೆತ್ತುಗಳ ಸಾಲನ್ನು ನಡೆಸುತ್ತಿದ್ದ ಲಂಬಾಣಿಗರು ಈ ವ್ಯಾಪಾರದ ಬೆನ್ನೆಲುಬು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದುಬಂದ ಕಾರ್ನ್‌ವಾಲಿಸನ ಸೈನ್ಯದ ದವಸ ಹೊತ್ತದ್ದೂ ಅವರ ಎತ್ತುಗಳೇ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಪಡೆಗೂ ಬ್ರಿಟಿಷ್ ಸೇನಾಪತಿ ಹ್ಯಾರಿಸನ ಪಡೆಗೂ ಕಾಳಗ ನಡೆದ ನೆಲ ಹಾದಿಕಾರರಿಗೂ ಎತ್ತುಗಳಿಗೂ ಬಹುಕಾಲದಿಂದ ಪರಿಚಿತವಾಗಿತ್ತು. ಆಮೇಲೆ ರೈಲು ಬಂತು. ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ಮೀಟರ್ ಗೇಜ್ ಹಳಿ 1882ರ ಹೊತ್ತಿಗೆ ಪೂರ್ತಿಯಾಗಿ, ಮದ್ದೂರು, ಮಂಡ್ಯಗಳು ನಿಲ್ದಾಣಗಳಾದವು, ಮಳವಳ್ಳಿಗೆ ಇಂದಿಗೂ ಹಳಿ ಬಂದಿಲ್ಲ. ರೈಲಿನಲ್ಲಿ ಬಂದಿಳಿದ ಮೂಟೆಗಳು ಎತ್ತಿನ ಗಾಡಿಯಲ್ಲಿ ಸಂತೆಯಿಂದ ಸಂತೆಗೆ, ಹಳ್ಳಿಯಿಂದ ಹಳ್ಳಿಗೆ ಸಾಗಿ, ಕಾಸಿಗಿಂತ ಹೆಚ್ಚಾಗಿ ರಾಗಿ, ಭತ್ತಗಳ ಅಳತೆಗೆ ಕೈ ಬದಲಾಗುತ್ತಿದ್ದವು. ಅಗ್ಗವಾದ ಸಮುದ್ರದುಪ್ಪಿನ ಮುಂದೆ ಮಣ್ಣುಪ್ಪಿಗೆ ನಿಲ್ಲಲಾಗಲಿಲ್ಲ; ಪಕ್ಕದ ಮದರಾಸು ಆಧಿಪತ್ಯದಲ್ಲಾದರೋ ಸರ್ಕಾರ ಉಪ್ಪಿನ ತೆರಿಗೆಯನ್ನು ಕಾಯ್ದುಕೊಳ್ಳಲು ಮಣ್ಣುಪ್ಪಿನ ಕಸುಬನ್ನೇ ಹತ್ತಿಕ್ಕಿತು.

ಸಮುದ್ರದಿಂದ ಬಂದದ್ದಾದ್ದರಿಂದ ಆ ಉಪ್ಪಿನಲ್ಲಿ ಅಯೋಡಿನ್ ಇದ್ದಿರಬೇಕು, ಪೊಟ್ಟಣದ ಉಪ್ಪು ಬಂದ ಮೇಲೆಯೇ ಎಲ್ಲ ಕೆಟ್ಟಿತು ಎಂಬ ನಂಬಿಕೆ ಇಂದು ವಿದ್ಯಾವಂತರಲ್ಲಿಯೂ ಇದೆ. ಅದು ನಿಜವಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ 50-60 ಮೈಕ್ರೋಗ್ರಾಂ ಅಯೋಡಿನ್ ಇರುವುದೇನೋ ಹೌದು, ಆದರೆ ನೀರು ಇಂಗಿ ಉಪ್ಪು ಹರಳುಗಟ್ಟುವಾಗ ಅಯೋಡಿನ್ ಹರಳಿನೊಳಗೆ ಸೇರದೆ ತಳದ ಕಹಿನೀರಿನಲ್ಲಿ ಉಳಿಯುತ್ತದೆ, ಇನ್ನಷ್ಟು ಗಾಳಿಗೆ ಹಾರಿಹೋಗುತ್ತದೆ. ಹೀಗಾಗಿ ಹೇರೆತ್ತಿನ ಮೇಲೆ ಬಂದ ಕಲ್ಲುಪ್ಪಾಗಲಿ, ಉಪ್ಪಾರರ ಪಾತಿಯ ಉಪ್ಪಾಗಲಿ, ಈಗ ಪಟ್ಟಣದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಗುಲಾಬಿ ಬಣ್ಣದ ಸೈಂಧವ ಲವಣವಾಗಲಿ, ಹೊರಗಿನಿಂದ ಬೆರೆಸದ ಹೊರತು, ಥೈರಾಯ್ಡ್ ಗ್ರಂಥಿಯ ಮಟ್ಟಿಗೆ ಬರಿದಾದ ಉಪ್ಪುಗಳೇ. ಹಳೆಯದೆಲ್ಲ ಆರೋಗ್ಯಕರವಾಗಿತ್ತೆಂಬ ಹಂಬಲ ಅರ್ಥವಾಗುವಂಥದು, ಆದರೆ ಈ ಒಂದು ವಿಷಯದಲ್ಲಿ ಅದಕ್ಕೆ ಆಧಾರವಿಲ್ಲ.

ಬೆರೆಸುವ ಉಪಾಯ ಹೊಳೆದದ್ದು ಯೂರೋಪಿನಲ್ಲಿ. 1811ರಲ್ಲಿ ಫ್ರಾನ್ಸಿನ ಕುರ್ತ್ವಾ ಕಡಲಪಾಚಿಯ ಬೂದಿಯಲ್ಲಿ ಅಯೋಡಿನ್ನನ್ನು ಕಂಡ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಗಳಗಂಡಕ್ಕೆ ಅದನ್ನು ಔಷಧವಾಗಿ ಕೊಟ್ಟ. 1895ರಲ್ಲಿ ಬೌಮನ್ ಥೈರಾಯ್ಡ್ ಗ್ರಂಥಿಯಲ್ಲಿಯೇ ಅಯೋಡಿನ್ ಇರುವುದನ್ನು ತೋರಿಸಿದ. 1914ರ ಕ್ರಿಸ್ಮಸ್ ದಿನ ಅಮೆರಿಕದ ಕೆಂಡಲ್ ಥೈರಾಕ್ಸಿನ್ನಿನ ಹರಳುಗಳನ್ನು ಪಡೆದ. ಸ್ವಿಟ್ಜರ್ಲೆಂಡ್ 1922ರಲ್ಲಿಯೂ ಅಮೆರಿಕದ ಮಿಶಿಗನ್ 1924ರಲ್ಲಿಯೂ ಅಯೋಡಿನ್ ಬೆರೆಸಿದ ಉಪ್ಪನ್ನು ಜನರಿಗೆ ಒದಗಿಸಿದವು. ಭಾರತದಲ್ಲಿ ಗಿಲ್ಗಿಟ್ ಕಣಿವೆಯ ಗಳಗಂಡವನ್ನು ಅಭ್ಯಾಸಮಾಡಿದ ರಾಬರ್ಟ್ ಮೆಕ್ಯಾರಿಸನ್ ಮುಂದೆ ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆಯ ಪ್ರಯೋಗಾಲಯವನ್ನು ಕಟ್ಟಿದ. ಆದರೆ ಅದೇ ಕಾಲದ ಮಂಡ್ಯಕ್ಕೆ ಕುತ್ತಿಗೆಯ ಬಾವು ತುರ್ತಿನ ವಿಷಯವಾಗಿರಲಿಲ್ಲ. ನಾಲೆಯ ನೀರಿನ ಹಿಂದೆಯೇ ಮಲೇರಿಯಾ ಹಬ್ಬಿ, ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವನ್ನು ನಡೆಸಿದ ಕಾಲ ಅದು. ಚಳಿಜ್ವರದಲ್ಲಿ ನಡುಗುವ ಊರಿಗೆ ಕಣ್ಣಿಗೆ ಕಾಣದ ಕೊರತೆಯ ಮಾತು ಹೇಳುವವರು ಯಾರು, ಕೇಳುವವರು ಯಾರು.

ಸ್ವಾತಂತ್ರ್ಯದ ನಂತರ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ನಡೆಸಿದ ಪ್ರಯೋಗ ನಿರ್ಣಾಯಕವಾಯಿತು. ಕಣಿವೆಯನ್ನು ವಲಯಗಳಾಗಿ ವಿಂಗಡಿಸಿ, ಕೆಲವಕ್ಕೆ ಅಯೋಡಿನ್ ಬೆರೆತ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಕೊಟ್ಟು ಹಲವು ವರ್ಷ ಕಾದು ನೋಡಿದಾಗ, ಮೊದಲಿನವುಗಳಲ್ಲಿ ಗಳಗಂಡ ಗಣನೀಯವಾಗಿ ತಗ್ಗಿತು. ಬೆರೆಸಲು ಆರಿಸಿದ ಲವಣ ಪೊಟ್ಯಾಸಿಯಂ ಅಯೋಡೇಟ್. ಯೂರೋಪಿನಲ್ಲಿ ಬಳಸುತ್ತಿದ್ದ ಅಯೋಡೈಡು ಬಿಸಿಲು, ತೇವ, ಕೊಳೆಯಿರುವ ನಮ್ಮ ಹವೆಯಲ್ಲಿ ಬೇಗ ಹಾರಿಹೋಗುತ್ತದೆ, ಅಯೋಡೇಟ್ ನಿಲ್ಲುತ್ತದೆ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾದರೂ ಅದು ಗಳಗಂಡದ ಸೀಮೆಗಳಿಗೆ ಮಾತ್ರ ಉಪ್ಪು ಕಳಿಸುವ ಕಾರ್ಯಕ್ರಮವಾಗಿದ್ದುದರಿಂದ ಮಂಡ್ಯದಂತಹ ಜಿಲ್ಲೆಗಳು ಎರಡು ದಶಕ ಅದರ ಹೊರಗೇ ಉಳಿದವು. ಯಾವ ರಾಜ್ಯವೂ ಕೊರತೆಯಿಂದ ಪೂರ್ತಿ ಮುಕ್ತವಲ್ಲವೆಂದು ತಿಳಿದುಬಂದ ಮೇಲೆ, ತಿನ್ನುವ ಉಪ್ಪಿಗೆಲ್ಲ ಅಯೋಡಿನ್ ಬೆರೆಸುವ ತೀರ್ಮಾನವಾಗಿ 1986ರಿಂದ ಹಂತಹಂತವಾಗಿ ಜಾರಿಗೆ ಬಂತು. 1992ರಲ್ಲಿ ಕಾರ್ಯಕ್ರಮದ ಹೆಸರಿನಲ್ಲಿದ್ದ ಗಳಗಂಡದ ಜಾಗಕ್ಕೆ ಅಯೋಡಿನ್ ಕೊರತೆಯ ತೊಂದರೆಗಳೆಂಬ ವಿಶಾಲವಾದ ಮಾತು ಬಂತು.

ತಯಾರಾಗುವ ಜಾಗದಲ್ಲಿ ಹತ್ತು ಲಕ್ಷ ಪಾಲು ಉಪ್ಪಿಗೆ 30 ಪಾಲು, ಕೊಳ್ಳುವವರ ಕೈಗೆ ಬರುವಾಗ ಕನಿಷ್ಠ 15 ಪಾಲು ಅಯೋಡಿನ್ ಇರಬೇಕೆಂಬುದು ನಿಯಮ. ಇದನ್ನು ಲೆಕ್ಕಕ್ಕಿಳಿಸಿದರೆ, ಗುಜರಾತಿನ ಅಥವಾ ತೂತುಕುಡಿಯ ಅಳದಿಂದ ಹೊರಡುವ ಹತ್ತು ಟನ್ನಿನ ಒಂದು ಲಾರಿಗೆ ಅರ್ಧ ಕಿಲೋ ಪೊಟ್ಯಾಸಿಯಂ ಅಯೋಡೇಟ್ ಸಾಕು. ದಿನಕ್ಕೆ ಹತ್ತು ಗ್ರಾಂ ಉಪ್ಪು ತಿನ್ನುವವರಿಗೆ ಕನಿಷ್ಠ ಮಟ್ಟದ ಉಪ್ಪಿನಿಂದಲೂ 150 ಮೈಕ್ರೋಗ್ರಾಂ ದೊರಕುತ್ತದೆ. ಇಷ್ಟು ಅಗ್ಗದ ಉಪಾಯಕ್ಕೂ ವಿರೋಧ ಬಂತು. ಅಯೋಡಿನ್ ಇಲ್ಲದ ಉಪ್ಪಿನ ಮಾರಾಟವನ್ನು 1998ರಲ್ಲಿ ದೇಶದಾದ್ಯಂತ ನಿಷೇಧಿಸಿದಾಗ, ಉಪ್ಪು ಮಾಡುವ ಸಣ್ಣ ಉತ್ಪಾದಕರ ಹೊಟ್ಟೆಯ ಪ್ರಶ್ನೆಯೂ, ಸರ್ಕಾರ ಉಪ್ಪಿನ ಮೇಲೆ ಕಟ್ಟಳೆ ಹಾಕಬಾರದೆಂಬ ಗಾಂಧೀಜಿಯ ಕಾಲದ ತತ್ತ್ವವೂ ಒಟ್ಟಿಗೆ ಎದ್ದು ನಿಂತವು. 2000ದಲ್ಲಿ ನಿಷೇಧ ಹಿಂದೆ ಸರಿಯಿತು. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರವನ್ನು ತನ್ನಲ್ಲಿಟ್ಟುಕೊಂಡ ಮದ್ದೂರು ತಾಲ್ಲೂಕಿನಲ್ಲಿ ಅಂತಹ ಮಾತಿಗೆ ತೂಕವಿರುವುದು ಸಹಜ. ಆದರೂ ಸುಂಕಕ್ಕಾಗಿ ಉಪ್ಪನ್ನು ಕಟ್ಟುವುದಕ್ಕೂ ಮಗುವಿನ ಮಿದುಳಿಗಾಗಿ ಉಪ್ಪನ್ನು ಕಟ್ಟುವುದಕ್ಕೂ ಇರುವ ಅಂತರ ದೊಡ್ಡದು. ಸಣ್ಣ ಉತ್ಪಾದಕರಿಗೆ ಅಯೋಡೇಟನ್ನೂ ಯಂತ್ರವನ್ನೂ ಒದಗಿಸುವುದು ಸರಿಯಾದ ಉತ್ತರವಾಗಿತ್ತೇ ಹೊರತು ನಿಯಮವನ್ನು ಕೈಬಿಡುವುದಲ್ಲ. 2006ರ ಮೇ 17ರಿಂದ ನಿಷೇಧ ಮತ್ತೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟು ಹಳೆಯ ಕಲಬೆರಕೆ ನಿಯಮದ ಅಡಿಯಲ್ಲಿ ಇಂತಹ ನಿಷೇಧ ಸಲ್ಲದೆಂದರೂ ಅದನ್ನು ಒಡನೆಯೇ ತೆಗೆದುಹಾಕದೆ ಆರು ತಿಂಗಳ ಅವಕಾಶ ಕೊಟ್ಟಿತು, ಅದೇ ವರ್ಷ ಜಾರಿಯಾದ ಆಹಾರ ಸುರಕ್ಷತೆಯ ನಿಯಮಗಳು ಅದನ್ನು ಮುಂದುವರಿಸಿದವು.

ಕಾನೂನು ಪೊಟ್ಟಣದವರೆಗೆ ಬರಬಲ್ಲದು, ಅಲ್ಲಿಂದ ಮುಂದಿನದು ಅಡುಗೆಮನೆಯ ರೂಢಿ. ಮಂಡ್ಯ ಸೀಮೆಯ ಊಟದ ಹೆಮ್ಮೆಯಾದ ಉಪ್ಸಾರನ್ನು ಈ ದೃಷ್ಟಿಯಿಂದ ನೋಡಬಹುದು. ಅವರೆಯೋ ಹುರುಳಿಯೋ ತೊಗರಿಯೋ, ಯಾವುದಾದರೊಂದು ಕಾಳನ್ನು ಸೊಪ್ಪಿನೊಡನೆ ಉಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದು, ಕಾಳುಸೊಪ್ಪನ್ನು ಪಲ್ಯಕ್ಕೆ ತೆಗೆದಿಟ್ಟು, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಿಸೆಹಣ್ಣುಗಳನ್ನು ಅರೆದ ಖಾರವನ್ನು ತಟ್ಟೆಯಲ್ಲಿ ಬೇಕಾದಷ್ಟು ಕದಡಿಕೊಂಡು ಮುದ್ದೆಯೊಡನೆ ಉಣ್ಣುವ ಈ ಸಾರಿನಲ್ಲಿ, ಬೇಯಿಸಿದ ನೀರು ಚೆಲ್ಲಿಹೋಗುವುದಿಲ್ಲ. ನೀರಿಗಿಳಿದ ಉಪ್ಪು, ಉಪ್ಪಿನೊಡನಿಳಿದ ಅಯೋಡಿನ್ ಎರಡೂ ತಟ್ಟೆಗೇ ಬರುತ್ತವೆ. ಕುದಿತದಲ್ಲಿ ಒಂದು ಪಾಲು ನಷ್ಟವಾಗುವುದು ಅನಿವಾರ್ಯ. 30ಕ್ಕೂ 15ಕ್ಕೂ ನಡುವೆ ನಿಯಮ ಬಿಟ್ಟಿರುವ ಅಂತರ ದಾರಿಯ ಮತ್ತು ದಾಸ್ತಾನಿನ ನಷ್ಟಕ್ಕಾಗಿ. ಆದರೆ ಕಲ್ಲುಪ್ಪನ್ನು ಕೊಳೆಯೆಂದು ತೊಳೆದು ಬಳಸುವ ಮನೆಗಳಲ್ಲಿ ಹರಳಿನ ಮೇಲ್ಮೈಯ ಅಯೋಡೇಟ್ ತೊಳೆದ ನೀರಿನೊಡನೆ ಹೋಗಿಬಿಡುತ್ತದೆ, ಒಲೆಯ ಪಕ್ಕದಲ್ಲಿ ಬಾಯಿ ತೆರೆದಿಟ್ಟ ಮಡಕೆಯಲ್ಲಿ ಉಪ್ಪು ನೀರೊಡೆದಾಗ ಅಯೋಡಿನ್ ತಳಕ್ಕಿಳಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ತೊಳೆಯದ ಉಪ್ಪು, ಅಡುಗೆಯ ಕೊನೆಗೆ ಹಾಕುವ ಅಭ್ಯಾಸ ಇಷ್ಟನ್ನೇ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ಅವರ ಚೀಲದಲ್ಲಿರುವ ಪರೀಕ್ಷೆಯ ಸೀಸೆಯಿಂದ ಒಂದು ಹನಿಯನ್ನು ಚಮಚದಷ್ಟು ಉಪ್ಪಿನ ಮೇಲೆ ಬಿಟ್ಟರೆ, ಅಯೋಡಿನ್ ಇದ್ದಲ್ಲಿ ಹನಿಯೊಳಗಿನ ಗಂಜಿ ನೇರಳೆ ನೀಲಿಗೆ ತಿರುಗುತ್ತದೆ, ಇಲ್ಲದಿದ್ದರೆ ಉಪ್ಪು ಬೆಳ್ಳಗೇ ಉಳಿಯುತ್ತದೆ. ಅಕ್ಷರ ಬಾರದ ಅಜ್ಜಿಗೂ ಒಪ್ಪಿಗೆಯಾಗುವ ಪುರಾವೆ ಅದು.

ಊಟದ ಇತರ ಬದಲಾವಣೆಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಸಿರಿಧಾನ್ಯಗಳಲ್ಲಿ ಸಜ್ಜೆಯ ಕೆಲವು ಫ್ಲೇವನಾಯ್ಡುಗಳು ಥೈರಾಯ್ಡ್ ಪೆರಾಕ್ಸಿಡೇಸಿನ ಕೆಲಸಕ್ಕೆ ಅಡ್ಡಬರುವುದು ಸುಡಾನಿನ ಅಧ್ಯಯನಗಳಿಂದ ತಿಳಿದಿದೆ, ರಾಗಿಯ ಮೇಲೂ ಅದೇ ಸಂದೇಹ ಬಿದ್ದದ್ದುಂಟು. ಅಯೋಡಿನ್ ಸಾಕಷ್ಟು ದೊರೆಯುವಲ್ಲಿ ಮುದ್ದೆ ಉಣ್ಣುವವರು ಹೆದರಬೇಕಾದದ್ದೇನೂ ಇಲ್ಲ. ಹಾಲಿನ ಪಾತ್ರವನ್ನು ಮಾತ್ರ ಹೆಚ್ಚು ಜನ ಗಮನಿಸಿಲ್ಲ. ಹಸುವಿಗೂ ಥೈರಾಯ್ಡ್ ಗ್ರಂಥಿಯಿದೆ, ಅದರ ಮೇವಿನ ಖನಿಜ ಮಿಶ್ರಣದಲ್ಲಿ ಸೇರಿಸುವ ಅಯೋಡಿನ್ನಿನ ಒಂದು ಪಾಲು ಹಾಲಿಗೆ ಬರುತ್ತದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಸಹಕಾರಿ ಡೇರಿಗೆ ಬೆಳಗು ಬೈಗು ಹಾಲು ಹಾಕುವ ಮನೆಗಳು ತಮಗೆ ತಿಳಿಯದೆಯೇ ಉಪ್ಪಿನ ಕೆಲಸಕ್ಕೆ ಒಂದು ಕೈ ಜೋಡಿಸಿವೆ. ಇತ್ತ ನಾಲೆಯ ಕೊನೆಯ ಭಾಗಗಳಲ್ಲಿ ನೀರು ನಿಂತು, ಒಳಗಿನ ಲವಣ ಮೇಲೇರಿ, ಗದ್ದೆಗಳು ಸವುಳಾದದ್ದೂ ಉಂಟು, ಆದರೆ ಆ ಬೆಳ್ಳನೆಯ ಮಣ್ಣನ್ನು ಈಗ ಯಾರೂ ಉಪ್ಪಿಗಾಗಿ ಕೆರೆಯುವುದಿಲ್ಲ. ಜಿಪ್ಸಂ ಹಾಕಿ ತೊಳೆಯುವ ಚಿಂತೆ ರೈತರದು.

ಈಗ ಜಿಲ್ಲೆಯ ಆಸ್ಪತ್ರೆಗಳಲ್ಲಿ ಥೈರಾಯ್ಡ್ ಇದೆ ಎಂದು ಹೇಳಿಕೊಂಡು ಬರುವ ಹೆಂಗಸರಲ್ಲಿ ಬಹುಪಾಲಿನವರ ತೊಂದರೆ ಅಯೋಡಿನ್ನಿನ ಕೊರತೆಯದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಪೆರಾಕ್ಸಿಡೇಸಿನ ವಿರುದ್ಧ ತಿರುಗಿ, ಗ್ರಂಥಿಯನ್ನು ಮೆಲ್ಲಮೆಲ್ಲನೆ ನಾಶಮಾಡುವ ಕಾಯಿಲೆ ಅದು. ಅವರಿಗೆ ಉಪ್ಪಿನಿಂದ ಪರಿಹಾರವಿಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಲೆವೊಥೈರಾಕ್ಸಿನ್ ಮಾತ್ರೆ ನುಂಗಿ, ಅರ್ಧ ಮುಕ್ಕಾಲು ಗಂಟೆಯಾದರೂ ಕಾಫಿ ಕುಡಿಯದೆ ಇರಬೇಕಾಗುತ್ತದೆ. ಮಾತ್ರೆಯಲ್ಲಿರುವುದು ಗ್ರಂಥಿ ಮಾಡಬೇಕಾಗಿದ್ದ ಅದೇ ಟಿ4, ದೇಹ ಅದನ್ನು ಎಂದಿನಂತೆ ಟಿ3 ಮಾಡಿಕೊಳ್ಳುತ್ತದೆ. ಈ ಮಾತ್ರೆ ತಿನ್ನುವವರು ಮನೆಯವರೆಲ್ಲರಿಗೂ ಅಯೋಡಿನ್ ಉಪ್ಪನ್ನು ಬಿಡಿಸಿ ಸೈಂಧವ ಲವಣ ತರುವುದು ಇತ್ತೀಚೆಗೆ ಕಾಣಬರುತ್ತಿರುವ ರೂಢಿ. ಮಾತ್ರೆ ನುಂಗುವ ಅತ್ತೆಗೆ ಅದರಿಂದ ಲಾಭವಿಲ್ಲ, ಅದೇ ಅಡುಗೆಯನ್ನು ಉಣ್ಣುವ ಸೊಸೆಗೆ ನಷ್ಟವಿದೆ. ಗರ್ಭದಲ್ಲಿರುವ ಶಿಶುವಿನ ಥೈರಾಯ್ಡ್ ಹನ್ನೆರಡನೆಯ ವಾರದ ಸುಮಾರಿಗೆ ಕೆಲಸಕ್ಕೆ ತೊಡಗಿ, ಹದಿನೆಂಟು ಇಪ್ಪತ್ತನೆಯ ವಾರದ ಹೊತ್ತಿಗೆ ಸಮರ್ಥವಾಗುತ್ತದೆ. ಅಲ್ಲಿಯವರೆಗೆ ಅದರ ಮಿದುಳು ಬೆಳೆಯುವುದು ತಾಯಿಯ ರಕ್ತದಿಂದ ಬಂದ ಟಿ4ರಿಂದ. ತಿಂಗಳು ನಿಂತದ್ದು ಖಚಿತವಾಗಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸಿ, ಮಳವಳ್ಳಿಯ ಒಳ ಹಳ್ಳಿಯೊಂದರಿಂದ ತಾಲ್ಲೂಕು ಆಸ್ಪತ್ರೆಗೆ ಬಂದು ರಕ್ತ ಕೊಡುವಷ್ಟರಲ್ಲಿ ಆ ವಾರಗಳಲ್ಲಿ ಬಹುಪಾಲು ಕಳೆದುಹೋಗಿರುತ್ತವೆ. ಆ ಅವಧಿಯಲ್ಲಿ ಶಿಶುವಿಗೆ ಸಲ್ಲುವ ಅಯೋಡಿನ್ನಿನ ದೊಡ್ಡ ಪಾಲು, ತಾಯಿ ಬಸಿರಾಗುವುದಕ್ಕೆ ಮೊದಲಿನ ತಿಂಗಳುಗಳಲ್ಲಿ ತಾನು ಉಂಡ ಉಪ್ಪಿನಿಂದ ತನ್ನ ಗ್ರಂಥಿಯಲ್ಲಿ ಕೂಡಿಟ್ಟುಕೊಂಡದ್ದು.